ಬೋರಿನ ನೀರು, ಮಲಾವಿಯ ಮೀನು

ದಾವಣಗೆರೆಯ ಬೋರ್ ನೀರು ಗಡಸಾಗಿರುವವರೆಗೂ ನನ್ನ ಮನೆಯ ಒಲೆ ಆರುವುದಿಲ್ಲ. ನಾನು ಗೀಸರ್, ವಾಷಿಂಗ್ ಮಷಿನ್ ರಿಪೇರಿ ಮಾಡುವವನು, ಈಗ ಹತ್ತೊಂಬತ್ತು ವರ್ಷ. ಎರಡು ವರ್ಷ ಓಡಿದ ಗೀಸರ್ ಬಿಚ್ಚಿದರೆ ಕಾಯಿಲ್ ಮೇಲೆ ಸುಣ್ಣ ಬೆರಳುದಪ್ಪ ಕಟ್ಟಿರುತ್ತದೆ. ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿದರೆ ಹೆಂಚಿನ ಚೂರಿನ ಹಾಗೆ ಉದುರುತ್ತದೆ. ಜೇಬಿನಲ್ಲಿ ಟೆಸ್ಟರ್ ಪಕ್ಕ ಒಂದು ಟಿಡಿಎಸ್ ಮೀಟರ್ ಯಾವಾಗಲೂ ಇರುತ್ತದೆ, ನೀರಿನಲ್ಲಿ ಎಷ್ಟು ಲವಣ ಕರಗಿದೆ ಅಂತ ಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ ತೋರಿಸುವಂಥದ್ದು. ನಿಟ್ಟುವಳ್ಳಿಯ ನಮ್ಮ ಮನೆ ಬೋರಿಗೆ ಅದ್ದಿದರೆ 780 ತೋರಿಸುತ್ತದೆ. ಈ ನೀರಲ್ಲಿ ಬೇಳೆ ಬೇಯೋದಿಲ್ಲ, ಸೋಪು ನೊರೆ ಬರೋದಿಲ್ಲ, ನಲ್ಲಿಯ ಬಾಯಿಗೆ ಬಿಳಿ ಗಡ್ಡ ಬೆಳೆಯುತ್ತದೆ.

ಇಷ್ಟೆಲ್ಲ ಗೊತ್ತಿದ್ದ ನಾನೇ ಹೋದ ವರ್ಷ ಹದಿನಾಲ್ಕು ಮೀನುಗಳನ್ನು ನೀರಿನ ವಿಷಯದಲ್ಲೇ ಕೆಡಿಸಿದೆ. ಅದನ್ನೇ ಬರೆಯೋಣ ಅಂತ ಕೂತಿದ್ದೇನೆ.

ಶುರುವಾದದ್ದು ಎಂಸಿಸಿ ಬಿ ಬ್ಲಾಕಿನ ಒಂದು ಮನೆಯಲ್ಲಿ. ಡ್ರೇನ್ ಪಂಪ್ ಬದಲಾಯಿಸೋಕೆ ಹೋಗಿದ್ದೆ. ಹಾಲಿನಲ್ಲಿ ನಾಲ್ಕಡಿಯ ಗಾಜಿನ ತೊಟ್ಟಿ. ಅದರ ತುಂಬ ಅರಿಶಿನದಷ್ಟು ಹಳದಿ, ನೀಲಿ, ತುಕ್ಕಿನ ಬಣ್ಣದ ಮೀನುಗಳು ಕಲ್ಲಿನ ಸಂದಿಯಿಂದ ಸಂದಿಗೆ ನುಗ್ಗಾಡುತ್ತಿದ್ದವು. ಸಮುದ್ರದ ಮೀನು ಅಂದುಕೊಂಡೆ. ‘ಅಲ್ಲ, ಸಿಹಿನೀರಿನವೇ. ಸಿಕ್ಲಿಡ್. ಆಫ್ರಿಕಾದ ಮಲಾವಿ ಸರೋವರದ್ದು’ ಅಂದರು ಮನೆಯ ಯಜಮಾನರು. ಅರ್ಧ ಗಂಟೆಯ ಕೆಲಸಕ್ಕೆ ಎರಡು ಗಂಟೆ ಹಿಡಿಯಿತು. ಅವರೇನೂ ಬೇಜಾರು ಮಾಡಿಕೊಳ್ಳಲಿಲ್ಲ, ಎರಡನೇ ಸಲ ಚಹಾ ಕೊಟ್ಟರು.

ಮನೆಯಲ್ಲಿ ಅವ್ವನಿಗೆ ಹೇಳೋದೇ ಕಷ್ಟವಾಯಿತು.

‘ಲಿಂಗ ಕಟ್ಟಿದ ಮನ್ಯಾಗ ಮೀನು ತರ್ತೀಯಾ?’

‘ತಿನ್ನಾಕಲ್ಲವ್ವ, ನೋಡಾಕ.’

‘ನೋಡಾಕ ಟಿವಿ ಐತಲ್ಲ.’

ಮಗಳು ನನ್ನ ಪಕ್ಷ ವಹಿಸಿದ್ದರಿಂದ ಬಚಾವಾದೆ. ಏಳನೇ ಕ್ಲಾಸಿನ ಹುಡುಗಿ, ವಿಜ್ಞಾನ ಅಂದರೆ ಅಜ್ಜಿಯೂ ಸುಮ್ಮನಾಗುತ್ತಾಳೆ ಅನ್ನೋದು ಅವಳಿಗೆ ಗೊತ್ತು.

ತೊಟ್ಟಿ ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ. ಲೆಕ್ಕ ಹಾಕಿದರೆ 255 ಲೀಟರ್. ಅಂದರೆ ನೀರೇ ಕಾಲು ಟನ್, ಅದರ ಮೇಲೆ ಗಾಜು, ಕಲ್ಲು, ಮರಳು. ಟೀಪಾಯಿ ಮೇಲೆ ಇಡೋ ಸಾಮಾನಲ್ಲ. ಗೆಳೆಯನೊಬ್ಬನ ವೆಲ್ಡಿಂಗ್ ಶಾಪಿನಲ್ಲಿ ಆ್ಯಂಗಲ್‌ನ ಸ್ಟ್ಯಾಂಡ್ ಮಾಡಿಸಿ, ರಸಮಟ್ಟ ಇಟ್ಟು ನಾಲ್ಕೂ ಕಾಲು ಸರಿಮಾಡಿ, ಮೇಲೆ ಪ್ಲೈವುಡ್, ಅದರ ಮೇಲೆ ಥರ್ಮಾಕೋಲ್ ಹಾಸಿದೆ. ಗಾಜಿನ ಕೆಳಗೆ ಒಂದು ಕಡಲೆಕಾಳಿನಷ್ಟು ಕಲ್ಲು ಸಿಕ್ಕಿಕೊಂಡರೂ ತಳ ಸೀಳುತ್ತದೆ, ಅದಕ್ಕೆ ಥರ್ಮಾಕೋಲ್. ಗಾಜು ಎಂಟು ಮಿಲಿಮೀಟರ್. ಸಿಲಿಕೋನ್ ಒಣಗುವವರೆಗೂ ಹಾಲೆಲ್ಲ ವಿನೆಗರ್ ವಾಸನೆ. ಸೋರುತ್ತದೋ ನೋಡೋಣ ಅಂತ ಅಂಗಳದಲ್ಲಿಟ್ಟು ಪೈಪು ಬಿಟ್ಟು ಬೋರಿನ ನೀರು ತುಂಬಿಸಿದೆ. ಎರಡು ದಿನ ಒಂದು ಹನಿ ಸೋರಲಿಲ್ಲ. ಆಮೇಲೆ ಆ ನೀರನ್ನೆಲ್ಲ ದಾಸವಾಳದ ಬುಡಕ್ಕೆ ಚೆಲ್ಲಿದೆ. ಯಾವ ನೀರನ್ನು ಚೆಲ್ಲಿದೆ ಅನ್ನೋದನ್ನ ನೆನಪಿಟ್ಟುಕೊಳ್ಳಿ.

ಕಲ್ಲಿಗೆ ಭರಮಸಾಗರದ ಹತ್ತಿರದ ಅವ್ವನ ತವರಿಗೆ ಹೋದೆ. ಚಿತ್ರದುರ್ಗದ ಕಡೆ ಕಲ್ಲಿಗೇನು ಬರ? ಮಾವನ ಹೊಲದ ಬದುವಿನಲ್ಲೇ ಗುಡ್ಡೆ ಬಿದ್ದಿತ್ತು. ಮಾವ ನಕ್ಕ: ‘ನಿಮ್ಮಜ್ಜ ಇಡೀ ಜೀವಮಾನ ಹೊಲದಾಗಿನ ಕಲ್ಲು ಆರಿಸಿ ಹೊರಗ ಹಾಕ್ದ. ನೀನು ಅದನ್ನ ಬಾಡಿಗೆ ಗಾಡ್ಯಾಗ ಮನಿಗೆ ಒಯ್ತೀಯಲ್ಲೋ.’ ಮಲಾವಿಯ ಕಲ್ಲುದಂಡೆಯಲ್ಲಿ ಬದುಕುವ ಈ ಮೀನುಗಳಿಗೆ ಅಲ್ಲಿಯವರು ‘ಮಬುನಾ’ ಅನ್ನುತ್ತಾರಂತೆ, ಅಂದರೆ ಕಲ್ಲುಮೀನು. ಸಂದಿಗಳಿಲ್ಲದಿದ್ದರೆ ಅವು ಒಂದನ್ನೊಂದು ಬದುಕಗೊಡುವುದಿಲ್ಲ. ಮೊದಲು ತಳಕ್ಕೆ ತೆಳು ಫೋಮ್, ಅದರ ಮೇಲೆ ಕಲ್ಲು, ಕಲ್ಲು ಭದ್ರವಾಗಿ ಕೂತ ಮೇಲೆ ಸುತ್ತ ಮರಳು. ಉಲ್ಟಾ ಮಾಡಿದರೆ, ಅಂದರೆ ಮರಳ ಮೇಲೆ ಕಲ್ಲಿಟ್ಟರೆ, ಈ ಮೀನು ಬುಡ ಕೆದರಿ ಕೆದರಿ ಕಲ್ಲು ಉರುಳಿಸುತ್ತವೆ. ಉರುಳಿದ ಕಲ್ಲು ನೇರ ಗಾಜಿಗೆ. ಮರಳು ಪಕ್ಕದ ಮನೆ ಕಟ್ಟಡದ್ದು, ಕೇಳಿ ತಂದ ಎರಡು ಬಾಂಡ್ಲಿ. ಜರಡಿ ಹಿಡಿದು ಎಷ್ಟು ಸಲ ತೊಳೆದೆನೋ, ಕೊನೆಗೂ ಕೈಗೆ ಕೆಂಪು ಬರೋದು ಪೂರ್ತಿ ನಿಲ್ಲಲಿಲ್ಲ.

ಫಿಲ್ಟರಿಗೆ ದುಡ್ಡು ಹಾಕಲಿಲ್ಲ, ಅದು ನನ್ನ ಕಸುಬು. ಒಂದರ ಮೇಲೊಂದು ಮೂರು ಪ್ಲಾಸ್ಟಿಕ್ ಟ್ರೇ. ಮೇಲಿನದರಲ್ಲಿ ಸ್ಪಂಜು, ಕೆಳಗಿನೆರಡರಲ್ಲಿ ಪಾತ್ರೆ ಉಜ್ಜುವ ಪ್ಲಾಸ್ಟಿಕ್ ನಾರು, ಒಟ್ಟು ಐವತ್ತು ಉಂಡೆ. ಅಂಗಡಿಯವ ‘ಹೋಟೆಲ್ ಹಾಕಿದ್ರಾ ಅಣ್ಣಾರೆ?’ ಅಂತ ಕೇಳಿದ. ಗಂಟೆಗೆ 1800 ಲೀಟರ್ ಎತ್ತುವ ಪಂಪು.

ಇನ್ನು ನೀರು. ಮೀನು ಮಾರುವವನು ‘ಚಿಚ್ಲಿಡ್ ಕಾಸ್ಟ್ಲಿ ಮೀನು ಸಾರ್, ಬೋರ್ ನೀರು ಹಾಕಿದ್ರೆ ಹೋದಂಗೇ. ಫಿಲ್ಟರ್ ನೀರೇ ಹಾಕಿ’ ಅಂದ. ನನಗೂ ಅದು ಸರಿ ಅನ್ನಿಸಿತು. ಗೀಸರ್ ಕೊಲ್ಲೋ ನೀರು ಮೀನನ್ನು ಬಿಡುತ್ತದಾ? ಕಲ್ಲು, ಮರಳು ಕೂತ ಮೇಲೆ ಹಿಡಿಯೋದು ಇನ್ನೂರು ಲೀಟರ್. ಬೀದಿ ತುದಿಯ ಶುದ್ಧ ನೀರಿನ ಘಟಕದಲ್ಲಿ ಐದು ರೂಪಾಯಿ ನಾಣ್ಯ ಹಾಕಿ ಇಪ್ಪತ್ತು ಲೀಟರಿನ ಕ್ಯಾನ್ ಹಿಡಿದು, ಬೈಕಿನಲ್ಲಿ ಎರಡೆರಡರಂತೆ ಐದು ಟ್ರಿಪ್ ಹೊಡೆದೆ. ಸಾಲಿನಲ್ಲಿ ನಿಂತಿದ್ದವರು ಮನೆಯಲ್ಲಿ ಮದುವೆಯೇನೋ ಅಂದುಕೊಂಡರು. ಮರುದಿನವೇ ಹದಿನಾಲ್ಕು ಮೀನು ತಂದು ಬಿಟ್ಟೆ.

(ಅಂಗಡಿಯವನು ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ. ಏಂಜೆಲ್, ಡಿಸ್ಕಸ್ ಕೂಡ ಸಿಕ್ಲಿಡ್‌ಗಳೇ. ಅವು ಅಮೆಜಾನ್ ಕಡೆಯವು, ಮೆದು ನೀರು ಬೇಡುತ್ತವೆ. ಒಂದೇ ಕುಲ, ಊರು ಬೇರೆ. ಹಾಗೆ ನೋಡಿದರೆ ನಮ್ಮ ಕೆರೆಗಳಲ್ಲಿ ಸಿಗುವ ಜಿಲೇಬಿ ಮೀನು, ಅಂದರೆ ತಿಲಾಪಿಯಾ, ಅದೂ ಆಫ್ರಿಕಾದಿಂದ ಬಂದ ಸಿಕ್ಲಿಡ್ಡೇ. ಕೇರಳದವರು ಬಾಯಿ ಚಪ್ಪರಿಸುವ ಕರಿಮೀನೂ ಇದೇ ಕುಲ. ನಮ್ಮ ಕರಾವಳಿಯ ನದಿಗಳಲ್ಲಿ ಅದರ ದಾಯಾದಿ ಒಂದಿದೆ, ಹೆಸರಲ್ಲೇ ಕೆನರಾ ಇದೆ: ಎಟ್ರೋಪ್ಲಸ್ ಕೆನರೆನ್ಸಿಸ್.)

ಹತ್ತು ದಿನಕ್ಕೆ ಮೀನುಗಳ ಬಣ್ಣ ಮಾಸಿತು. ರೆಕ್ಕೆ ಮೈಗಂಟಿಸಿಕೊಂಡು ಮೂಲೆಯಲ್ಲಿ ನಿಂತವು. ಬಿ ಬ್ಲಾಕಿನವರಿಗೆ ಫೋನ್ ಮಾಡಿದೆ. ‘ಪಿಎಚ್ ಎಷ್ಟಿದೆ?’ ಅಂದರು. ಪಿಎಚ್ ಅಂದರೆ ನೀರಿನ ಹುಳಿಯ ಅಳತೆ, ಏಳಕ್ಕಿಂತ ಕೆಳಗಿಳಿದಷ್ಟೂ ಹುಳಿ. ಟೆಸ್ಟ್ ಕಿಟ್ ತಂದು ನೋಡಿದರೆ ಆರು. ‘ಅಯ್ಯೋ, ಅವಕ್ಕೆ ಎಂಟರ ಹತ್ತಿರ ಇರಬೇಕು. ನಾನು ಹಾಕೋದು ಬೋರ್ ನೀರು ಕಣ್ರೀ’ ಅಂದರು. ತಲೆ ಚಚ್ಚಿಕೊಂಡೆ. ಅವತ್ತೇ ರಾತ್ರಿ ಅರ್ಧ ತೊಟ್ಟಿ ಖಾಲಿ ಮಾಡಿ, ಪೈಪು ಬಿಟ್ಟು ಬೋರ್ ನೀರು ತುಂಬಿಸಿ, ಪ್ರಾಯಶ್ಚಿತ್ತ ಮಾಡಿಕೊಂಡವನ ಹಾಗೆ ನೆಮ್ಮದಿಯಾಗಿ ಮಲಗಿದೆ.

ಬೆಳಿಗ್ಗೆ ಹನ್ನೊಂದು ಮೀನು ಸತ್ತಿದ್ದವು. ಉಳಿದ ಮೂರು ಮೀನು, ಪಂಪಿನ ನೀರು ಬೀಳುವ ಜಾಗದಲ್ಲಿ ಬಾಯಿ ಕಳೆದು ನಿಂತಿದ್ದವು. ಮಗಳು ಅವತ್ತು ಶಾಲೆಗೆ ಹೋಗಲಿಲ್ಲ. ಅವ್ವ ಏನೂ ಅನ್ನಲಿಲ್ಲ, ದಾಸವಾಳದ ಬುಡದಲ್ಲಿ ಗುಂಡಿ ತೋಡಿಕೊಟ್ಟಳು.

ಹಾಳು ನೀರಲ್ಲಿ ಹತ್ತು ದಿನ ಬದುಕಿದ್ದವು ಒಳ್ಳೆ ನೀರಲ್ಲಿ ಒಂದೇ ರಾತ್ರಿಗೆ ಯಾಕೆ ಸತ್ತವು? ವಾರಗಟ್ಟಲೆ ಇದೇ ತಲೆಯಲ್ಲಿ ಕೊರೆಯುತ್ತಿತ್ತು. ಓದಿ, ಕೇಳಿ, ಕೊನೆಗೆ ಅರ್ಥವಾಯಿತು. ಮೀನಿನ ಉಸಿರು, ಹೇಲು, ಮಿಕ್ಕ ಊಟ, ಎಲ್ಲದರಿಂದಲೂ ನೀರಿಗೆ ಅಮೋನಿಯಾ ಸೇರುತ್ತದೆ. ಹಳೆಯ ತೊಟ್ಟಿಯಲ್ಲಿ ಅದನ್ನು ತಿಂದು ಮುಗಿಸುವ ಬ್ಯಾಕ್ಟೀರಿಯಾ ಇರುತ್ತವೆ. ನನ್ನ ಹೊಸ ತೊಟ್ಟಿಯಲ್ಲಿ ಇರಲಿಲ್ಲ. ಹಾಗಾಗಿ ಹತ್ತು ದಿನವೂ ಅಮೋನಿಯಾ ಕೂಡುತ್ತಲೇ ಹೋಯಿತು. ಆದರೆ ನೀರು ಹುಳಿಯಾಗಿದ್ದಾಗ, ಪಿಎಚ್ ಆರು ಇದ್ದಾಗ, ಅದು ಹೆಚ್ಚುಕಡಿಮೆ ಎಲ್ಲವೂ ಅಮೋನಿಯಂ ರೂಪದಲ್ಲಿರುತ್ತದೆ. ಮೀನಿಗೆ ಅದರಿಂದ ಅಷ್ಟು ತೊಂದರೆಯಿಲ್ಲ. ವಿಷ ಅಂದರೆ ಅಮೋನಿಯಾ ಆಗಿಯೇ ಉಳಿದ ಪಾಲು. ಪಿಎಚ್ ಒಂದು ಅಂಕಿ ಏರಿದರೆ ಆ ವಿಷದ ಪಾಲು ಸುಮಾರು ಹತ್ತುಪಟ್ಟು. ಆರರಿಂದ ಎಂಟಕ್ಕೆ ಏರಿದರೆ ನೂರುಪಟ್ಟು. ನೀರು ಅರ್ಧ ಬದಲಾಯಿಸಿದ್ದರಿಂದ ಅಮೋನಿಯಾ ಅರ್ಧವಾಗಿದ್ದೇನೋ ನಿಜ, ಉಳಿದರ್ಧದಲ್ಲಿ ವಿಷದ ಪಾಲು ಹತ್ತಾರುಪಟ್ಟು ಏರಿತು. ಮೇಲಿಂದ 30 ಇದ್ದ ಟಿಡಿಎಸ್ ಒಂದೇ ರಾತ್ರಿಗೆ 400 ದಾಟಿದ ಏಟು ಬೇರೆ. ಮೊದಲು ಫಿಲ್ಟರ್ ನೀರು ಹಾಕಿದ್ದು ತಪ್ಪು, ಸರಿ. ಆದರೆ ಅವನ್ನು ಕೊಂದದ್ದು ನನ್ನ ಆತುರದ ರಿಪೇರಿ. ಕಸುಬಿನಲ್ಲಿ ಇದನ್ನು ಹುಡುಗರಿಗೆ ದಿನಾ ಬೈಯುತ್ತೇನೆ: ಮೀಟರ್ ಇಡದೆ ವೈರ್ ಮುಟ್ಟಬೇಡ ಅಂತ.

ಉಳಿದ ಮೂರನ್ನು ಬಿ ಬ್ಲಾಕಿನವರ ತೊಟ್ಟಿಗೆ ಬಿಟ್ಟು ಬಂದೆ. ಎರಡು ಬದುಕಿದವು.

ಎರಡನೇ ಸಲ ಐದು ವಾರ ಮೀನಿಲ್ಲದೆ ಬರೀ ನೀರಿನ ತೊಟ್ಟಿ ಓಡಿಸಿದೆ. ದಿನಾ ಒಂದು ಚಿಟಿಕೆ ಮೀನಿನ ಊಟ ಹಾಕೋದು, ಅದು ಕೊಳೆತು ಅಮೋನಿಯಾ ಆಗೋದು, ಅದನ್ನು ಒಂದು ಜಾತಿಯ ಬ್ಯಾಕ್ಟೀರಿಯಾ ನೈಟ್ರೈಟ್ ಮಾಡೋದು, ನೈಟ್ರೈಟನ್ನು ಇನ್ನೊಂದು ಜಾತಿ ನೈಟ್ರೇಟ್ ಮಾಡೋದು. ನೈಟ್ರೇಟನ್ನು ವಾರಕ್ಕೊಮ್ಮೆ ನೀರು ಬದಲಾಯಿಸಿ ಹೊರಗೆ ಹಾಕೋದು. ಆ ಐವತ್ತು ಪಾತ್ರೆ ನಾರು ಇರೋದು ಈ ಬ್ಯಾಕ್ಟೀರಿಯಾಗಳಿಗೆ ಮನೆಯಾಗಿ. ‘ಮೀನಿಲ್ಲದ ನೀರಿಗೆ ದಿನಾ ಎಡಿ ಹಿಡೀತಾನೆ’ ಅಂತ ಅವ್ವ ಓಣಿಯವರಿಗೆಲ್ಲ ಹೇಳಿದ್ದಳು. ಹದಿನೈದನೇ ದಿನ ನೈಟ್ರೈಟ್ ಪರೀಕ್ಷೆಯ ಬಣ್ಣ ಕಡು ನೇರಳೆಗೆ ಹೋಯಿತು, ಎರಡು ವಾರ ಇಳಿಯಲೇ ಇಲ್ಲ. ಮೂವತ್ತಮೂರನೇ ದಿನ ಬೆಳಿಗ್ಗೆ ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ. ಮಗಳು ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಮೀನು ಬರೆದಿದ್ದಾಳೆ.

ಈ ಸಲ ನೀರಿನ ಲೆಕ್ಕವನ್ನೂ ಸರಿಯಾಗಿ ಹಾಕಿದೆ. ಮಲಾವಿ ಸರೋವರ 580 ಕಿಲೋಮೀಟರ್ ಉದ್ದ. ಇಲ್ಲಿಂದ ಬೆಂಗಳೂರಿಗೆ ಹೋಗಿ ವಾಪಸ್ ಬಂದರೂ ಮುಗಿಯುವುದಿಲ್ಲ. ಆಳ 700 ಮೀಟರ್ ದಾಟುತ್ತದೆ. ಸೂಳೆಕೆರೆ ಏರಿ ಮೇಲೆ ನಿಂತು ಅಬ್ಬಬ್ಬಾ ಅನ್ನುವವರು ನಾವು. ಅಷ್ಟು ದೊಡ್ಡ ನೀರು ಹಗಲು ರಾತ್ರಿ ಹೆಚ್ಚು ಬದಲಾಗುವುದಿಲ್ಲ, ಅದಕ್ಕೇ ಅಲ್ಲಿನ ಮೀನಿಗೆ ಏರುಪೇರು ಅಂದರೆ ಆಗದು. ಪಿಎಚ್ ಎಂಟರ ಆಸುಪಾಸು. ಆದರೆ ಗಡಸುತನದಲ್ಲಿ ನಮ್ಮ ಬೋರಿನಷ್ಟು ಇಲ್ಲ, ಅದರ ಟಿಡಿಎಸ್ ಇನ್ನೂರರ ಹತ್ತಿರ ಅಷ್ಟೇ. ಬೋರ್ ನೀರೊಂದನ್ನೇ ಹಾಕಿ ಸಾಕುವವರೂ ಇದ್ದಾರೆ, ತೊಟ್ಟಿಯಲ್ಲೇ ಹುಟ್ಟಿ ಬೆಳೆದ ಮೀನು ಒಗ್ಗಿಕೊಳ್ಳುತ್ತವೆ. ನಾನು ಅರ್ಧ ಬೋರು, ಅರ್ಧ ಕಾರ್ಪೊರೇಷನ್ ನಲ್ಲಿ ನೀರು ಬೆರೆಸುತ್ತೇನೆ. ನಲ್ಲಿಯದು ತುಂಗಭದ್ರೆಯದೋ ಭದ್ರಾ ನಾಲೆಯದೋ ಇರುತ್ತದೆ, ಮೆದು, ಆದರೆ ಕ್ಲೋರಿನ್ ಹಾಕಿರುತ್ತಾರೆ. ಅದಕ್ಕೆ ಹೈಪೋ ಹರಳು. ಹಳೇ ಫೋಟೋ ಸ್ಟುಡಿಯೋದವರು ಕತ್ತಲೆ ಕೋಣೆಯಲ್ಲಿ ಬಳಸುತ್ತಿದ್ದರಲ್ಲ, ಅದೇ ಹೈಪೋ, ಈಗ ಮೀನಿನಂಗಡಿಯಲ್ಲಿ ಸಣ್ಣ ಪೊಟ್ಟಣ ಕಟ್ಟಿ ಮಾರುತ್ತಾರೆ.

ಫಿಲ್ಟರ್ ನೀರಿಗೂ ಒಂದು ಕೆಲಸ ಸಿಕ್ಕಿತು. ತೊಟ್ಟಿಯಿಂದ ನೀರು ಆವಿಯಾದಾಗ ಸುಣ್ಣ ಒಳಗೇ ಉಳಿಯುತ್ತದೆ, ಗೀಸರಿನಲ್ಲಿ ಉಳಿಯುವ ಹಾಗೆಯೇ. ಆ ಕಡಿಮೆಯಾದಷ್ಟನ್ನು ಮತ್ತೆ ಬೋರ್ ನೀರಿನಿಂದ ತುಂಬಿದರೆ ವಾರ ವಾರಕ್ಕೆ ಟಿಡಿಎಸ್ ಮೇಲೇರುತ್ತದೆ. ಆವಿಯಾದದ್ದಕ್ಕೆ ಫಿಲ್ಟರ್ ನೀರು, ತೆಗೆದು ಬದಲಾಯಿಸಿದ್ದಕ್ಕೆ ಬೆರಕೆ ನೀರು. ಇದನ್ನು ಯಾರೂ ಹೇಳಿಕೊಡಬೇಕಾಗಲಿಲ್ಲ.

ಮೀನು ಹದಿನೆಂಟು ತಂದೆ. ಎಲೆಕ್ಟ್ರಿಕ್ ಯೆಲ್ಲೋ ಆರು, ರಸ್ಟಿ ಆರು, ‘ಮಿಕ್ಸ್ ಆಫ್ರಿಕನ್’ ಅಂತ ಎಂಬತ್ತು ರೂಪಾಯಿಗೊಂದರಂತೆ ಕೊಟ್ಟ ನೀಲಿ ಪಟ್ಟೆಯವು ಆರು. ಸ್ವಲ್ಪ ಕಿಕ್ಕಿರಿದೇ ಇರಬೇಕು ಇವು. ನಾಲ್ಕೇ ಇದ್ದರೆ ಬಲವಾದದ್ದು ಒಂದನ್ನೇ ಹಿಡಿದು ಅಟ್ಟಾಡಿಸಿ ಕೊಲ್ಲುತ್ತದೆ, ಹದಿನೆಂಟಿದ್ದರೆ ಯಾರನ್ನಂತ ಅಟ್ಟುತ್ತದೆ? ಎರಡು ತಿಂಗಳಿಗೆ ನೀಲಿಯಲ್ಲಿ ಒಂದು ಹಳದಿಗೆ ತಿರುಗಿತು. ನಾವು ಚೆಂದ ಆಯ್ತು ಅಂತ ಖುಷಿಪಟ್ಟೆವು. ಅದು ಕೆನ್ಯಿ ಜಾತಿ, ಅದರಲ್ಲಿ ಮರಿ ಮತ್ತು ಹೆಣ್ಣು ನೀಲಿ, ಬಲಿತ ಗಂಡು ಹಳದಿ. ಆಮೇಲೆ ಶುರುವಾಯಿತು ದರ್ಬಾರು. ತನ್ನ ಬಣ್ಣದ್ದೇ ಅಂತ ಯೆಲ್ಲೋಗಳ ಮೇಲೆ ಬಿತ್ತು, ಎರಡರ ಬಾಲ ಚಿಂದಿ. ಕಲ್ಲುಗಳನ್ನೆಲ್ಲ ತೆಗೆದು ಬೇರೆ ಥರ ಜೋಡಿಸಿದೆ. ಜಾಗದ ಗುರುತು ತಪ್ಪಿದರೆ ಜಗಳವೂ ತಪ್ಪುತ್ತದೆ ಅಂತ. ನಾಲ್ಕು ದಿನ ತಪ್ಪಿತು. ಒಂದು ಹೆಣ್ಣು ಯೆಲ್ಲೋ ಮಾತ್ರ ಎರಡು ಕಲ್ಲಿನ ನಡುವಿನ ಸಣ್ಣ ಕಿಂಡಿಯಲ್ಲಿ ತಲೆ ಹೊರಗಿಟ್ಟು ನಿಂತು, ಆ ರೌಡಿ ಬಂದಾಗೆಲ್ಲ ಮೂತಿಗೇ ಕುಟ್ಟುತ್ತಿತ್ತು. ಮಗಳು ಅದಕ್ಕೆ ಓಬವ್ವ ಅಂತ ಹೆಸರಿಟ್ಟಳು. ಕೊನೆಗೆ ಕೆನ್ಯಿ ಆರನ್ನೂ ಅಂಗಡಿಗೇ ಪುಕ್ಕಟೆ ವಾಪಸ್ ಕೊಟ್ಟು, ಜಾಗಕ್ಕೆ ಸಾಧು ಸ್ವಭಾವದ ಆಸೈ ಜಾತಿಯವನ್ನು ತಂದೆ.

ಊಟದ ವಿಷಯದಲ್ಲಿ ಅವ್ವ ಮೀನಿನ ಪಕ್ಷಕ್ಕೆ ಬಂದಳು. ಮಬುನಾಗಳ ಮುಖ್ಯ ಆಹಾರ ಕಲ್ಲಿನ ಮೇಲಿನ ಪಾಚಿ. ಕರುಳು ಉದ್ದ, ಮಾಂಸದ ಹುಳ ಹೆಚ್ಚು ಕೊಟ್ಟರೆ ಹೊಟ್ಟೆಯುಬ್ಬರ ಬಂದು ಸಾಯಬಹುದು ಅನ್ನುತ್ತಾರೆ. ‘ಅಂದ್ರ ಇವೂ ನಮ್ಮಂಗೆ’ ಅಂದಳು ಅವ್ವ. ಸ್ಪಿರುಲಿನಾ ಕಾಳು, ವಾರಕ್ಕೊಮ್ಮೆ ಬಿಸಿನೀರಲ್ಲಿ ಅದ್ದಿದ ಪಾಲಕ್, ಸಿಪ್ಪೆ ಸುಲಿದ ಬಟಾಣಿ. ಯೆಲ್ಲೋಗಳು ಕಾಡಿನಲ್ಲಿ, ಅಂದರೆ ಸರೋವರದಲ್ಲಿ, ಸಣ್ಣ ಹುಳುಗಳನ್ನೇ ಹೆಕ್ಕಿ ತಿನ್ನುತ್ತವೆ ಅನ್ನೋದನ್ನ ಅವ್ವನಿಗೆ ನಾನಿನ್ನೂ ಹೇಳಿಲ್ಲ. ಒಂದು ಮಧ್ಯಾಹ್ನ ಅವಳು ಮಂಡಕ್ಕಿ ಹಾಕಿದ್ದಳು. ಒಗ್ಗರಣೆ ಹಾಕಿದ್ದಲ್ಲ, ಬರೀ ಮಂಡಕ್ಕಿಯೇ ಅಂತ ಆಣೆ ಮಾಡಿದಳು. ಮೀನು ಬಾಯಿಗೆ ಹಾಕಿಕೊಂಡು ಉಗಿದು, ಮತ್ತೆ ಹಾಕಿಕೊಂಡು ಉಗಿದು, ಸಂಜೆಗೆ ಫಿಲ್ಟರಿನ ಸ್ಪಂಜಿನ ತುಂಬ ಗಂಜಿ.

ಏಪ್ರಿಲ್ ಬಂತು. ದಾವಣಗೆರೆಯ ಏಪ್ರಿಲ್ ಗೊತ್ತಲ್ಲ. ತೊಟ್ಟಿಯ ನೀರು 32 ಡಿಗ್ರಿ. ನೀರು ಕಾದಷ್ಟೂ ಅದರಲ್ಲಿ ಆಮ್ಲಜನಕ ಕಮ್ಮಿ. ಹಳೇ ಟೇಬಲ್ ಫ್ಯಾನನ್ನು ನೀರಿನ ಮೇಲ್ಮೈಗೆ ಓರೆಯಾಗಿ ತಿರುಗಿಸಿಟ್ಟೆ, 29ಕ್ಕೆ ಇಳಿಯಿತು. ನೀರು ಬೇಗ ಬೇಗ ಆವಿಯಾಗುತ್ತಿತ್ತು ಅನ್ನೋದು ಬೇರೆ ಮಾತು. ಕರೆಂಟ್ ಹೋದರೆ ಪಂಪು ನಿಲ್ಲುತ್ತದೆ, ಅದಕ್ಕೆ ಗಾಳಿ ಪಂಪೊಂದನ್ನು ಇನ್ವರ್ಟರ್ ಲೈನಿಗೆ ಕೊಟ್ಟಿದ್ದೇನೆ. ಕಸುಬಿನವನಾಗಿ ಒಂದು ಮಾತು: ತೊಟ್ಟಿಯಿಂದ ಬರುವ ವೈರು ಪ್ಲಗ್ಗಿಗಿಂತ ಕೆಳಗೆ ಒಮ್ಮೆ ಜೋತುಬಿದ್ದು ಮೇಲೇರಬೇಕು. ವೈರಿನಗುಂಟ ಇಳಿದ ನೀರು ಆ ಜೋಲಿನಲ್ಲೇ ನೆಲಕ್ಕೆ ತೊಟ್ಟಿಕ್ಕುತ್ತದೆ, ಬೋರ್ಡಿಗೆ ಹೋಗುವುದಿಲ್ಲ. ನೀರಿಗೆ ಕೈ ಹಾಕುವ ಮುಂಚೆ ಎಲ್ಲ ಪ್ಲಗ್ಗೂ ಕಿತ್ತು ಹಾಕಿ.

ಶ್ರಾವಣದ ಒಂದು ಸೋಮವಾರ ಅವ್ವನೇ ಕರೆದಳು. ‘ಓಬವ್ವ ಊಟ ಬಿಟ್ಟೈತಿ ನೋಡು. ಬಾಯಾಗ ಏನೋ ಇಟ್ಕಂಡೈತಿ.’ ಗದ್ದ ಊದಿಕೊಂಡಿತ್ತು, ಏನನ್ನೋ ಜಗಿಯುವ ಹಾಗೆ ಆಗಾಗ ಬಾಯಿ ಆಡಿಸುತ್ತಿತ್ತು. ಮೊಟ್ಟೆ! ಈ ಹೆಣ್ಣುಗಳು ಮೊಟ್ಟೆಯಿಟ್ಟು ತಕ್ಷಣ ಬಾಯಿಗೆ ತುಂಬಿಕೊಳ್ಳುತ್ತವೆ, ಬಾಯೊಳಗೇ ಮರಿಯಾಗಿ ಈಜುವಷ್ಟು ಬಲಿಯುವವರೆಗೂ, ಸುಮಾರು ಮೂರು ವಾರ, ಊಟವನ್ನು ಹೆಚ್ಚುಕಡಿಮೆ ಬಿಟ್ಟೇಬಿಡುತ್ತವೆ. ಅವ್ವನದು ಸೋಮವಾರ ಒಂದು ದಿನದ ಉಪವಾಸ. ‘ನಂದೇನು ಉಪವಾಸ ಬಿಡು’ ಅಂದು, ಅವತ್ತು ಸಂಜೆಯವರೆಗೂ ತೊಟ್ಟಿಯ ಮುಂದೆ ಕುರ್ಚಿ ಹಾಕಿಕೊಂಡು ಕೂತಳು.

ಹದಿನೆಂಟನೇ ದಿನ ಓಬವ್ವನನ್ನು ಬಲೆಯಲ್ಲಿ ಹಿಡಿದು ಬೇರೆ ಇಟ್ಟೆ. ಹದಿಮೂರು ಮರಿ. ಅವಕ್ಕೆ ಹೊಸ ತೊಟ್ಟಿ ಕೊಳ್ಳಲು ದುಡ್ಡಿರಲಿಲ್ಲ. ಶಾಪಿನಲ್ಲಿ ಗುಜರಿಗೆ ಹೋಗಬೇಕಿದ್ದ ಸೆಮಿ ಆಟೊಮ್ಯಾಟಿಕ್ ಮಷಿನ್ ಇತ್ತು. ಅದರ ಒಗೆಯೋ ಕಡೆಯ ಪ್ಲಾಸ್ಟಿಕ್ ಟಬ್ ಬಿಚ್ಚಿ, ತಿಕ್ಕಿ ತಿಕ್ಕಿ ಸೋಪಿನ ವಾಸನೆ ಹೋಗುವವರೆಗೂ ತೊಳೆದು, ತಳದ ತೂತು ಮುಚ್ಚಿ, ದೊಡ್ಡ ತೊಟ್ಟಿಯ ನೀರನ್ನೇ ತುಂಬಿ, ಓಡುತ್ತಿದ್ದ ಫಿಲ್ಟರಿನಿಂದ ನಾಲ್ಕು ನಾರಿನ ಉಂಡೆ ತಂದು ಹಾಕಿದೆ. ಈಗ ಮರಿಗಳು ಅಲ್ಲೇ, ನನ್ನ ಕೆಲಸದ ಮೇಜಿನ ಪಕ್ಕ. ಉಗುರಿನುದ್ದ ಆಗಿವೆ.

ಮೊನ್ನೆ ವಿದ್ಯಾನಗರದ ಅಮ್ಮಾರೊಬ್ಬರು ಗೀಸರ್ ತಂದಿದ್ದರು. ಬಿಚ್ಚಿ ಕಾಯಿಲ್ ಹೊರಗೆಳೆದೆ, ಸುಣ್ಣದ ಹುತ್ತ. ‘ಬೋರ್ ನೀರು ಅಮ್ಮಾರೆ, ಏನೂ ಮಾಡಾಕಾಗಲ್ಲ’ ಅಂದೆ. ಅವರ ಕಣ್ಣು ಟಬ್ಬಿನ ಮೇಲಿತ್ತು.

‘ಇದ್ಯಾವ ನೀರು?’

‘ಇದೂ ಬೋರಿಂದೇ, ಅರ್ಧ.’

ಅವರು ಬಗ್ಗಿ ಮರಿಗಳನ್ನು ನೋಡಿದರು, ನನ್ನ ಕೈಯಲ್ಲಿದ್ದ ಕಾಯಿಲ್ ನೋಡಿದರು.

‘ಈ ಕೂಸುಗಳು ಇಷ್ಟು ಚೆಂದ ಅದಾವೆ. ಮತ್ತೆ ನಮ್ಮ ಗೀಸರಿಗೇನು ರೋಗ ಬಂದಿತ್ತು?’